ಮೆಣಸಿನಕಾಯಿಯಲ್ಲಿ ಖಾರ ಇಲ್ಲ

ಕಲಬುರಗಿಯ ನಮ್ಮ ಮನೆ ಹಿತ್ತಲಲ್ಲಿ ಎರಡು ಮೆಣಸಿನ ಗಿಡ ಇವೆ. ನಾವು ಕಾಯಿ ಹರಿಯುವ ಮೊದಲೇ ಗಿಳಿ ಬಂದು ಹರಿದುಕೊಂಡು ಹೋಗುತ್ತದೆ. ಗೋಡೆ ಮೇಲೆ ಕೂತು ನಿಧಾನಕ್ಕೆ ತಿನ್ನುತ್ತದೆ. ಕಣ್ಣಲ್ಲಿ ನೀರಿಲ್ಲ, ಸುಯ್ ಸುಯ್ ಅನ್ನುವುದಿಲ್ಲ. ಅದೇ ಗಿಡದ ನಾಲ್ಕು ಕಾಯಿ ಅರೆದು ಅವ್ವ ಹಸಿ ಖಾರ ಮಾಡಿದರೆ, ಹುಟ್ಟಿದಾಗಿನಿಂದ ಖಾರ ತಿಂದು ಬೆಳೆದ ನಮಗೇ ನೆತ್ತಿ ಬೆವರುತ್ತದೆ.

"ಮಾಮಾ, ಗಿಳಿಗೆ ಖಾರ ಹತ್ತಂಗಿಲ್ಲೇನು?" ಅಂತ ಅಕ್ಕನ ಮಗಳು ಕೇಳಿದಳು.

ಹತ್ತುವುದಿಲ್ಲ ಅಂದೆ. ಯಾಕೆ ಅಂದಳು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು, ಆದರೂ ಎರಡು ಮಾತಲ್ಲಿ ಹೇಳಲು ಆಗಲಿಲ್ಲ. ಯಾಕೆಂದರೆ ಆ ಪ್ರಶ್ನೆಯೊಳಗೆ ದೊಡ್ಡ ಪ್ರಶ್ನೆ ಇದೆ: ನಮ್ಮ ಜೀವಕೋಶ ಒಂದು ಅಣುವನ್ನು ಗುರುತಿಸುವುದು ಹೇಗೆ? ಕಣ್ಣಿಲ್ಲ, ಮೂಗಿಲ್ಲ, ಬುದ್ಧಿ ಅಂತೂ ಇಲ್ಲವೇ ಇಲ್ಲ. ಆದರೂ ಸಾವಿರಾರು ಬಗೆಯ ಅಣುಗಳ ನಡುವೆ ತನಗೆ ಬೇಕಾದದ್ದನ್ನೇ ಹಿಡಿಯುತ್ತದಲ್ಲ!

ಮೊದಲು ಮೆಣಸಿನಕಾಯಿಯನ್ನೇ ನೋಡೋಣ. ಅದರಲ್ಲಿರುವ ಅಣುವಿನ ಹೆಸರು ಕ್ಯಾಪ್ಸೈಸಿನ್. ಎಲ್ಲರೂ ಬೀಜದಲ್ಲಿ ತಯಾರಾಗುತ್ತದೆ ಅಂದುಕೊಂಡಿದ್ದಾರೆ, ಅದು ತಪ್ಪು. ಬೀಜ ಅಂಟಿಕೊಂಡಿರುತ್ತದಲ್ಲ, ಆ ಬಿಳಿ ತಿರುಳಿನಲ್ಲಿ ತಯಾರಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿಜವಾಗಿ ಅದು ನಾಲಿಗೆಯನ್ನು ಸುಡುವುದೂ ಇಲ್ಲ. ತಿಂದಾಗ ಥರ್ಮಾಮೀಟರ್ ಇಟ್ಟು ನೋಡಿ, ಬಾಯಿ ಬೆಂದಿರುವುದಿಲ್ಲ.

ಹಾಗಾದರೆ ಉರಿ ಎಲ್ಲಿಂದ ಬಂತು? ನಮ್ಮ ಬಾಯಿಯ ನರಗಳ ತುದಿಯಲ್ಲಿ ಒಂದು ಪ್ರೋಟೀನ್ ಇದೆ. ಹೆಸರು ಟಿಆರ್‌ಪಿವಿ1. ಅದರ ದಿನನಿತ್ಯದ ಕೆಲಸ ಸುಡುವ ಬಿಸಿಯನ್ನು ತಿಳಿಸುವುದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಾಯಿ ತೆರೆಯುತ್ತದೆ, ನರದೊಳಕ್ಕೆ ಕ್ಯಾಲ್ಸಿಯಂ, ಸೋಡಿಯಂ ನುಗ್ಗುತ್ತವೆ, ಮೆದುಳಿಗೆ ಸುದ್ದಿ ಹೋಗುತ್ತದೆ: ಸುಡುತ್ತಿದೆ! ಕ್ಯಾಪ್ಸೈಸಿನ್ ಮಾಡುವುದಿಷ್ಟೇ: ಬಿಸಿ ಇಲ್ಲದೆಯೇ ಬಂದು ಅದೇ ಪ್ರೋಟೀನಿಗೆ ಅಂಟಿ ಅದರ ಬಾಯಿ ತೆರೆಸುತ್ತದೆ. ಮೆದುಳಿಗೆ ಹೋಗುವ ಸುದ್ದಿ ಅದೇ. ಬೆಂಕಿ ಸುಟ್ಟಿತೋ ಬಜ್ಜಿಯ ಮೆಣಸಿನಕಾಯಿ ಸುಟ್ಟಿತೋ ಎಂದು ಮೆದುಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ಅದು ಮೈ ತಣ್ಣಗಾಗಿಸಲು ಬೆವರು ಹರಿಸುತ್ತದೆ.

ಇದನ್ನು 1997ರಲ್ಲಿ ಕಂಡುಹಿಡಿದವರು ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ. ಅವರು ಹುಡುಕಲು ಹೊರಟದ್ದು ಖಾರದ ಪ್ರೋಟೀನ್. ಸಿಕ್ಕಿದ ಮೇಲೆ ನೋಡಿದರೆ ಅದು ಬಿಸಿಗೂ ತೆರೆಯಿತು. 2021ರ ನೊಬೆಲ್ ಪ್ರಶಸ್ತಿಯನ್ನು ಅವರು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು. ನನಗೆ ಮಜಾ ಅನಿಸುವುದು ಏನೆಂದರೆ, ನಮ್ಮ ಭಾಷೆ ಇದನ್ನು ಯಾವಾಗಲೋ ಹೇಳಿಬಿಟ್ಟಿದೆ. ಒಲೆಯ ಬೆಂಕಿಗೂ ಉರಿ ಅಂತೀವಿ, ಖಾರ ತಿಂದ ಬಾಯಿಗೂ ಉರಿ ಅಂತೀವಿ. ಇನ್ನೊಂದು ನೋಡಿ. ಪೋರ್ಚುಗೀಸರು ತಂದ ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಅಂದರು. ಗಿಡಕ್ಕೂ ಬಳ್ಳಿಗೂ ನಂಟಿಲ್ಲ. ಆದರೆ ಕರಿಮೆಣಸಿನ ಪೈಪರಿನ್ ಎಂಬ ಅಣು ತೆರೆಸುವುದೂ ಇದೇ ಟಿಆರ್‌ಪಿವಿ1 ಅನ್ನು. ನಾಲಿಗೆಗೆ ಗೊತ್ತಿತ್ತು!

ಹಾಗೆಯೇ ಪುದೀನದ ಮೆಂಥಾಲ್ ತಂಪಿನ ರಿಸೆಪ್ಟರನ್ನು ತೆರೆಸುತ್ತದೆ. ಪುದೀನ ತಣ್ಣಗಿರುವುದಿಲ್ಲ, ಆದರೂ ಬಾಯಿ ತಣ್ಣಗಾದಂತೆ ಅನಿಸುತ್ತದೆ.

43 ಡಿಗ್ರಿ ಅಂದಕೂಡಲೇ ನಮ್ಮ ಹುಡುಗರು ನಗುತ್ತಾರೆ. "ಸರ್, ಮೇ ತಿಂಗಳಾಗ ನಮ್ಮ ಊರು ಪೂರಾ ಖಾರ ಆಗಬೇಕಲ್ಲ?" ಅನ್ನುತ್ತಾರೆ. ಇಲ್ಲಿ ಬೇಸಿಗೆಯಲ್ಲಿ 42, 43 ಅಂದರೆ ಸುದ್ದಿಯೇ ಅಲ್ಲ, ನಿಜ. ಆದರೆ ಅದು ಗಾಳಿಯ ಬಿಸಿ. ಬೆವರು ಆರುತ್ತಾ ಇರುವವರೆಗೆ ಚರ್ಮ ಅಷ್ಟು ಬಿಸಿ ಆಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಕೂತು ನೋಡಿ, ಆಗ ಆ ಪ್ರೋಟೀನ್ ತನ್ನ ಕೆಲಸ ಮಾಡುತ್ತದೆ.

ಇಂಥ ಪ್ರೋಟೀನುಗಳಿಗೆ ಒಟ್ಟಾರೆ ಹೆಸರು ರಿಸೆಪ್ಟರ್. ಕನ್ನಡ ಪಠ್ಯದಲ್ಲಿ ಗ್ರಾಹಕ ಅಂತ ಇರುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ಕೊಳ್ಳಲು ಬಂದವರ ನೆನಪಾಗುತ್ತದೆ ಎಂದು ನಾನು ರಿಸೆಪ್ಟರ್ ಎಂದೇ ಹೇಳುತ್ತೇನೆ. ಜೀವಕೋಶದ ಸುತ್ತ ಎಣ್ಣೆಯಂಥ ತೆಳು ಪೊರೆ ಇದೆ. ರಕ್ತದಲ್ಲಿ ಕರಗಿ ಬರುವ ಹೆಚ್ಚಿನ ಹಾರ್ಮೋನುಗಳು ಅದನ್ನು ದಾಟಿ ಒಳಗೆ ಹೋಗಲಾರವು. ರಿಸೆಪ್ಟರ್ ಆ ಪೊರೆಯಲ್ಲಿ ಆರಪಾರ ನೆಟ್ಟುಕೊಂಡಿರುತ್ತದೆ, ಅರ್ಧ ಹೊರಗೆ, ಅರ್ಧ ಒಳಗೆ. ಹೊರಗಿನಿಂದ ಯಾರೋ ಚಿಲಕ ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದಲ್ಲ, ಹಾಗೆ. ಬಂದವರು ಒಳಗೆ ಬರುವುದಿಲ್ಲ, ಸದ್ದು ಬರುತ್ತದೆ. ಈಸ್ಟ್ರೋಜನ್, ಕಾರ್ಟಿಸಾಲ್‌ನಂಥ ಕೆಲವು ಹಾರ್ಮೋನುಗಳು ಎಣ್ಣೆಯಲ್ಲಿ ಕರಗುವಂಥವು. ಅವು ಪೊರೆ ದಾಟಿ ಒಳಗೇ ಹೋಗಿ ಅಲ್ಲಿರುವ ರಿಸೆಪ್ಟರ್‌ಗೆ ಅಂಟುತ್ತವೆ. ಅವುಗಳ ಕಥೆ ಬೇರೆ.

ಈಗ ಗುರುತಿಸುವ ವಿಷಯ. ಅಣುಗಳು ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ನೀರಿನಲ್ಲಿ ಎಲ್ಲ ಅಣುಗಳೂ ಗೊತ್ತುಗುರಿ ಇಲ್ಲದೆ ಜಿಗಿದಾಡುತ್ತಿರುತ್ತವೆ. ರಿಸೆಪ್ಟರ್‌ಗೆ ಪ್ರತಿ ಕ್ಷಣವೂ ಯಾವುದಾದರೂ ಡಿಕ್ಕಿ ಹೊಡೆಯುತ್ತಲೇ ಇರುತ್ತದೆ. ಬಹುಪಾಲು ಡಿಕ್ಕಿ ಹೊಡೆದು ಹೊರಟುಹೋಗುತ್ತವೆ. ಯಾವುದೋ ಒಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಗುರುತಿಸುವುದು ಅಂದರೆ ಅಷ್ಟೇ: ಬೇರೆಯವು ನಿಲ್ಲಲಾರದ ಕಡೆ ಅದು ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ? ಅಡ್ರಿನಲಿನ್ ತೆಗೆದುಕೊಳ್ಳಿ. ಹೆದರಿಕೆ ಆದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಹಾರ್ಮೋನ್ ಅದು. ಅದರ ಒಂದು ತುದಿಯಲ್ಲಿ ನೈಟ್ರೋಜನ್ ಇದೆ, ಅಲ್ಲಿ ಪ್ಲಸ್ ಚಾರ್ಜ್. ಇನ್ನೊಂದು ತುದಿಯಲ್ಲಿ ಒಂದು ಉಂಗುರ, ಅದಕ್ಕೆ ಆಕ್ಸಿಜನ್ ಮತ್ತು ಹೈಡ್ರೋಜನ್‌ನ ಎರಡು ಜೋಡಿ. ರಿಸೆಪ್ಟರ್‌ನ ಮೇಲ್ಭಾಗದಲ್ಲಿ ಒಂದು ಗುಳಿ ಇದೆ. ಆ ಗುಳಿಯ ಒಂದು ಗೋಡೆಯಲ್ಲಿ ಆಸ್ಪಾರ್ಟಿಕ್ ಆಮ್ಲ ಇದೆ, ಅದು ಮೈನಸ್. ಎದುರಿನ ಗೋಡೆಯಲ್ಲಿ ಸೆರಿನ್ ಎಂಬ ಅಮೈನೋ ಆಮ್ಲಗಳು (ಪ್ರೋಟೀನ್ ಎಂಬ ಸರದ ಮಣಿಗಳೇ ಅಮೈನೋ ಆಮ್ಲಗಳು). ನಡುವೆ ಎಣ್ಣೆ ಸ್ವಭಾವದ ಜಾಗ. ಅಡ್ರಿನಲಿನ್ ಬಂದು ಕೂತರೆ ಅದರ ಪ್ಲಸ್ ತುದಿ ಮೈನಸ್‌ಗೆ ಸಿಕ್ಕುತ್ತದೆ, ಆ ಎರಡು ಜೋಡಿಯನ್ನು ಸೆರಿನ್‌ಗಳು ಹಿಡಿಯುತ್ತವೆ, ಉಂಗುರ ಎಣ್ಣೆಯ ಜಾಗದಲ್ಲಿ ಹುದುಗುತ್ತದೆ. ಗುಳಿಯಲ್ಲಿದ್ದ ನೀರು ಹೊರಗೆ ಹೋಗುತ್ತದೆ, ಅದೂ ಅಂಟಲು ಅನುಕೂಲವೇ.

ಈ ಹಿಡಿತಗಳಲ್ಲಿ ಒಂದೊಂದೂ ದುರ್ಬಲ. ಒಂದೇ ಬೆರಳಲ್ಲಿ ತುಂಬಿದ ಕೊಡ ಎತ್ತಿದಂತೆ. ಎಲ್ಲವೂ ಒಟ್ಟಿಗೆ ಹಿಡಿದಾಗ ಮಾತ್ರ ಅಣು ನಿಲ್ಲುತ್ತದೆ. ಹೆಚ್ಚುಕಮ್ಮಿ ಅದೇ ಆಕಾರದ, ಆದರೆ ಒಂದು ಜೋಡಿ ಕಡಿಮೆ ಇರುವ ಅಣು ಬಂದರೆ ಹಿಡಿತ ಸಡಿಲ, ಬೇಗ ಜಾರುತ್ತದೆ. ಹಾಗಂತ ಸರಿಯಾದ ಅಣುವೂ ಶಾಶ್ವತವಾಗಿ ಕೂರುವುದಿಲ್ಲ. ನಮ್ಮ ಟಂಟಂ ಗಾಡಿಯ ಸೀಟಿನಂತೆ, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಅರ್ಧ ಸೀಟು ತುಂಬಲು ಎಷ್ಟು ಅಣು ಬೇಕು ಎಂಬುದನ್ನೇ ವಿಜ್ಞಾನಿಗಳು ಹಿಡಿತದ ಅಳತೆಯಾಗಿ ಬಳಸುತ್ತಾರೆ. ಕಡಿಮೆ ಅಣುವಿಗೇ ಅರ್ಧ ತುಂಬಿದರೆ ಹಿಡಿತ ಗಟ್ಟಿ ಎಂದು ಅರ್ಥ.

ಶಾಲೆಯಲ್ಲಿ ಇದನ್ನು ಬೀಗ ಮತ್ತು ಕೀಲಿಕೈ ಅಂತ ಹೇಳಿಕೊಡುತ್ತಾರೆ. 1894ರಲ್ಲಿ ಎಮಿಲ್ ಫಿಶರ್ ಕಿಣ್ವಗಳ ಬಗ್ಗೆ ಹೇಳಿದ ಹೋಲಿಕೆ ಅದು. ಒಳ್ಳೆಯ ಹೋಲಿಕೆಯೇ, ಆದರೆ ನನಗೆ ಅಷ್ಟು ಒಗ್ಗುವುದಿಲ್ಲ. ಬೀಗ ಕಬ್ಬಿಣದ್ದು, ಅಲ್ಲಾಡುವುದಿಲ್ಲ. ಪ್ರೋಟೀನ್ ಮೆದು. ಹೋಳಿ ಆದ ಮೇಲೆ ನಡೆಯುವ ಶರಣಬಸವೇಶ್ವರ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ನಿಂತು ನೋಡಿ. ಗಾಜಿನ ಬಳೆ ಬಗ್ಗುವುದಿಲ್ಲ. ಬಳೆಗಾರ ಕೈಯನ್ನು ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಿ, ಮೆಲ್ಲಗೆ ಒತ್ತಿ ಏರಿಸುತ್ತಾನೆ. ಬಳೆಗೆ ತಕ್ಕಂತೆ ಕೈ ತನ್ನ ಆಕಾರ ಬದಲಿಸುತ್ತದೆ. ರಿಸೆಪ್ಟರ್ ಕೈಯ ಹಾಗೆ. ಅಣು ಬಂದು ಕೂರುವಾಗ ಅದು ಬಾಗುತ್ತದೆ, ಮುಚ್ಚುತ್ತದೆ. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಕಿಣ್ವಗಳ ಬಗ್ಗೆ ಇದನ್ನೇ ಹೇಳಿದರು.

ಬಾಗುವುದೇ ಮುಖ್ಯ. ಅಣು ಅಂಟಿದ್ದರಿಂದ ಸುದ್ದಿ ಹುಟ್ಟುವುದಿಲ್ಲ, ಅಂಟಿದಾಗ ರಿಸೆಪ್ಟರ್ ಬಾಗಿದ್ದರಿಂದ ಹುಟ್ಟುತ್ತದೆ. ಅಡ್ರಿನಲಿನ್ ರಿಸೆಪ್ಟರ್ ಪೊರೆಯನ್ನು ಏಳು ಸಲ ಆಚೀಚೆ ದಾಟುವ ಒಂದೇ ಸರಪಳಿ, ಪೊರೆಯಲ್ಲಿ ಏಳು ಕಂಬ ನೆಟ್ಟಂತೆ. ಹೊರಗಿನ ಗುಳಿಯಲ್ಲಿ ಅಡ್ರಿನಲಿನ್ ಕೂತಾಗ ಅಲ್ಲಿ ಆಗುವ ಬದಲಾವಣೆ ತೀರಾ ಸಣ್ಣದು. ಆದರೆ ಒಳಗಡೆ ಆರನೆಯ ಕಂಬದ ತುದಿ ದೊಡ್ಡದಾಗಿ ಹೊರಕ್ಕೆ ಸರಿಯುತ್ತದೆ. ಆ ಸಂದಿಗೆ ಸುದ್ದಿಯನ್ನು ಒಳಗೆ ಮುಂದಕ್ಕೆ ಒಯ್ಯುವ ಜಿ-ಪ್ರೋಟೀನ್ ಎಂಬ ಪ್ರೋಟೀನ್ ಬಂದು ಸೇರಿಕೊಳ್ಳುತ್ತದೆ, ಎಚ್ಚರಗೊಳ್ಳುತ್ತದೆ, ಹೊರಡುತ್ತದೆ. ಇನ್ನೊಂದು ಬರುತ್ತದೆ. ಹೀಗೆ ಒಂದು ಅಡ್ರಿನಲಿನ್ ಅಣು ಹಲವು ಜಿ-ಪ್ರೋಟೀನುಗಳನ್ನು ಎಬ್ಬಿಸುತ್ತದೆ. ಅವುಗಳಿಂದ ಎದ್ದ ಕಿಣ್ವಗಳು ಒಳಗಿನ ಸಂದೇಶದ ಅಣುಗಳನ್ನು ರಾಶಿ ರಾಶಿ ಮಾಡುತ್ತವೆ. ಪಿಸುಮಾತು ಒಳಗೆ ಬರುವಷ್ಟರಲ್ಲಿ ಮೈಕಿನ ಕೂಗಾಗಿರುತ್ತದೆ. ರಿಸೆಪ್ಟರ್, ಜಿ-ಪ್ರೋಟೀನ್ ಎರಡೂ ಅಂಟಿಕೊಂಡಿರುವ ಚಿತ್ರವನ್ನು 2011ರಲ್ಲಿ ಬ್ರಯಾನ್ ಕೋಬಿಲ್ಕಾ ತಂಡ ಹೊರತಂದಿತು. ಮುಂದಿನ ವರ್ಷವೇ ಅವರಿಗೂ ಅವರ ಗುರು ರಾಬರ್ಟ್ ಲೆಫ್ಕೋವಿಟ್ಜ್ ಅವರಿಗೂ ನೊಬೆಲ್ ಬಂತು.

ಇಲ್ಲೊಂದು ವಿಚಿತ್ರ ಇದೆ. ಅಡ್ರಿನಲಿನ್ ಒಂದೇ ಅಣು. ಆದರೆ ಹೃದಯಕ್ಕೆ ಅದು "ಓಡು" ಅನ್ನುತ್ತದೆ. ಉಸಿರಿನ ನಾಳಕ್ಕೆ "ಸಡಿಲಾಗು" ಅನ್ನುತ್ತದೆ. ಚರ್ಮದ ರಕ್ತನಾಳಕ್ಕೆ "ಬಿಗಿಯಾಗು" ಅನ್ನುತ್ತದೆ. ಒಂದೇ ಬಾಯಿಂದ ಮೂರು ಮಾತು ಹೇಗೆ? ಮಾತು ಅಣುವಿನಲ್ಲಿ ಇಲ್ಲವೇ ಇಲ್ಲ. ಹೃದಯದಲ್ಲಿ ಇರುವುದು ಮುಖ್ಯವಾಗಿ ಬೀಟಾ-1 ರಿಸೆಪ್ಟರ್, ಉಸಿರಿನ ನಾಳದಲ್ಲಿ ಬೀಟಾ-2, ಚರ್ಮದ ರಕ್ತನಾಳದಲ್ಲಿ ಆಲ್ಫಾ-1. ಪ್ರತಿಯೊಂದೂ ಒಳಗೆ ಬೇರೆ ಬೇರೆ ತಂತಿ ಎಳೆಯುತ್ತದೆ. ಆಲ್ಫಾ, ಬೀಟಾ ಎಂದು ಎರಡು ಬಗೆ ಇರಲೇಬೇಕು ಎಂದು 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಬರೆದಾಗ ಮೊದಲು ಕಳಿಸಿದ ಪತ್ರಿಕೆ ಅದನ್ನು ವಾಪಸ್ ಕಳಿಸಿತ್ತು. ಇವತ್ತು ತೊಗರಿ ರಾಶಿಯ ದೂಳಿಗೆ ದಮ್ಮು ಹತ್ತಿದವರು ಬಾಯಿಗೆ ಹಾಕಿಕೊಳ್ಳುವ ಪಂಪು ಅವರ ಮಾತಿನ ಮೇಲೆಯೇ ನಿಂತಿದೆ. ಅದರಲ್ಲಿರುವ ಸಾಲ್ಬುಟಮಾಲ್ ಅಡ್ರಿನಲಿನ್ನಿನ ತಮ್ಮನಂತಿದೆ. ಆದರೆ ಒಂದು ತುದಿ ದಪ್ಪ ಮಾಡಿದ್ದಾರೆ. ಆ ದಪ್ಪ ತುದಿ ಬೀಟಾ-2ರಲ್ಲಿ ಚೆನ್ನಾಗಿ ಕೂರುತ್ತದೆ, ಹೃದಯದ ಬೀಟಾ-1ರಲ್ಲಿ ಅಷ್ಟಾಗಿ ಇಲ್ಲ. ಪೂರ್ತಿ ಇಲ್ಲ ಅಂತಲ್ಲ. ಜಾಸ್ತಿ ಸಲ ಎಳೆದರೆ ಎದೆ ಡವಡವ ಅನ್ನುವುದು ಅದಕ್ಕೇ.

ಸರಿಯಾಗಿ ಕೂತರೂ ರಿಸೆಪ್ಟರನ್ನು ಬಾಗಿಸದ ಅಣುಗಳೂ ಇವೆ. ಟಂಟಂನ ಡ್ರೈವರ್ ಸೀಟಿನಲ್ಲಿ ಕೂತು ಗಾಡಿಯನ್ನೇ ಚಾಲೂ ಮಾಡದವನ ಹಾಗೆ. ತಾನೂ ಹೊಡೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಇಂಥ ಸೋಮಾರಿ ಅಣುಗಳೇ ಎಷ್ಟೋ ಔಷಧಿ ಆಗಿವೆ. ನಮ್ಮ ಕಡೆಗೆ ಹತ್ತಿರದ ಉದಾಹರಣೆ ಚೇಳಿನದು.

ಯಾದಗಿರಿ ಜಿಲ್ಲೆಯ ಕಂದಕೂರಿನ ಕೊಂಡಮ್ಮಾಯಿ ಬೆಟ್ಟದಲ್ಲಿ ನಾಗರ ಪಂಚಮಿಯ ದಿನ ಜನ ಕಲ್ಲು ಎತ್ತಿ ಚೇಳು ಹಿಡಿದು ಕೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅವತ್ತು ಅದು ಏನೂ ಮಾಡುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ನಾನು ಹೇಳುವುದು ಉಳಿದ ದಿನಗಳ ಮಾತು, ಸೌದೆ ಎತ್ತುವಾಗಲೋ ಚಪ್ಪಲಿ ಹಾಕುವಾಗಲೋ ಕಡಿಯುವ ಕೆಂಪು ಚೇಳಿನದು. ಅದರ ವಿಷದ ಅಣುಗಳು ನರದ ಸೋಡಿಯಂ ಬಾಗಿಲುಗಳಿಗೆ ಅಂಟಿ ಅವು ಮುಚ್ಚದಂತೆ ತಡೆಯುತ್ತವೆ. ನರ ಕೂಗುತ್ತಲೇ ಇರುತ್ತದೆ. ಮೈಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹೊಳೆಯಾಗಿ ಹರಿಯುತ್ತವೆ. ಅವು ರಕ್ತನಾಳದ ಆಲ್ಫಾ-1ರ ಮೇಲೆ ಕೂತು ನಾಳಗಳನ್ನು ಬಿಗಿಯುತ್ತವೆ. ಬಿ.ಪಿ. ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಸಣ್ಣ ಮಕ್ಕಳು ತೀರಿಕೊಳ್ಳುವುದು ಹೀಗೆ.

ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಎಂಬ ವೈದ್ಯರು ಇಂಥ ರೋಗಿಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದರು. ಕಾಟ ಕೊಡುತ್ತಿರುವುದು ಆಲ್ಫಾ ರಿಸೆಪ್ಟರ್ ಆದರೆ ಅದರ ಸೀಟನ್ನೇ ಹಿಡಿದುಬಿಟ್ಟರೆ? ಬಿ.ಪಿ.ಗೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು 1980ರ ದಶಕದಲ್ಲಿ ಚೇಳು ಕಡಿದವರಿಗೆ ಕೊಡತೊಡಗಿದರು. ಪ್ರಜೋಸಿನ್ ಆಲ್ಫಾ-1ರಲ್ಲಿ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಅಡ್ರಿನಲಿನ್‌ಗೆ ಜಾಗ ಸಿಗುವುದಿಲ್ಲ. ವಿಷ ಮೈಯಲ್ಲೇ ಇದ್ದರೂ ನಾಳಗಳು ಸಡಿಲಾಗುತ್ತವೆ. ಸಾವು ಬಹಳ ಕಡಿಮೆಯಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದನ್ನು ಓದಿ ಮನೆಯಲ್ಲೇ ಮಾತ್ರೆ ನುಂಗಿಸಲು ಹೋಗಬೇಡಿ. ಬಿ.ಪಿ. ಪಾತಾಳಕ್ಕೆ ಇಳಿಯಬಹುದು. ಆಸ್ಪತ್ರೆಗೇ ಓಡಿ.

ಪಂಚಮಿಯ ಮಾತು ಬಂದಮೇಲೆ ನಾಗರಹಾವನ್ನು ಬಿಡಲಾದೀತೇ? ನರದ ಅಪ್ಪಣೆಯನ್ನು ಸ್ನಾಯುವಿಗೆ ಮುಟ್ಟಿಸುವ ಅಣು ಅಸಿಟೈಲ್‌ಕೋಲಿನ್. ಹಾವಿನ ವಿಷದಲ್ಲಿರುವ ಒಂದು ಅಣು ನಮ್ಮ ಸ್ನಾಯುಗಳ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಮೇಲೆ ಬಿಗಿಯಾಗಿ ಕೂರುತ್ತದೆ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವುದಿಲ್ಲ, ಉಸಿರು ನಿಲ್ಲುತ್ತದೆ. ಮುಂಗುಸಿಗೆ ಮಾತ್ರ ಇದು ಅಷ್ಟು ನಾಟುವುದಿಲ್ಲ. ಹಾವಿನ ಜೊತೆ ಜಗಳಾಡಿ ಅದು ಯಾವುದೋ ಬೇರು ತಿಂದು ಬರುತ್ತದೆ ಅಂತ ನಮ್ಮ ಅಜ್ಜ ಹೇಳುತ್ತಿದ್ದ. ಆ ಬೇರು ಮುಂಗುಸಿಯ ಒಳಗೇ ಇದೆ ಅನ್ನಿ. ಅದರ ರಿಸೆಪ್ಟರ್‌ನ ಗುಳಿಯ ಬಾಯಲ್ಲಿ ಒಂದೆರಡು ಅಮೈನೋ ಆಮ್ಲ ಬೇರೆ ಇವೆ. ಅವುಗಳಲ್ಲಿ ಒಂದಕ್ಕೆ ಸಕ್ಕರೆಯ ಸರ ನೇತುಬಿದ್ದಿದೆ. ದೊಡ್ಡ ವಿಷದ ಅಣುವಿಗೆ ಆ ಸರ ಅಡ್ಡ ಬರುತ್ತದೆ. ಪುಟ್ಟ ಅಸಿಟೈಲ್‌ಕೋಲಿನ್ ಪಕ್ಕದಿಂದ ನುಸುಳಿ ಒಳಗೆ ಹೋಗುತ್ತದೆ. ನಾಗರಹಾವಿನ ಸ್ವಂತ ರಿಸೆಪ್ಟರ್ ಮೇಲೂ ಇಂಥದ್ದೇ ಸಕ್ಕರೆ ಇದೆ. ಇಲ್ಲದಿದ್ದರೆ ತನ್ನ ವಿಷಕ್ಕೆ ತಾನೇ ಸಾಯುತ್ತಿತ್ತು!

ಹತ್ತಿಗೆ ನಮ್ಮ ರೈತರು ಹೊಡೆಯುವ ಎಣ್ಣೆಗಳಲ್ಲಿ, ಅಂದರೆ ಕೀಟನಾಶಕಗಳಲ್ಲಿ, ಇಮಿಡಾಕ್ಲೋಪ್ರಿಡ್ ಒಂದು. ಅದೂ ಇದೇ ಕುಟುಂಬದ ರಿಸೆಪ್ಟರಿಗೆ ಅಂಟುತ್ತದೆ. ಹುಳದ ರಿಸೆಪ್ಟರ್‌ನಲ್ಲಿ ಅದನ್ನು ಹಿಡಿಯುವ ಪ್ಲಸ್ ಚಾರ್ಜಿನ ಅಮೈನೋ ಆಮ್ಲ ಇದೆ, ನಮ್ಮದರಲ್ಲಿ ಆ ಜಾಗದಲ್ಲಿ ಇಲ್ಲ. ಅದಕ್ಕೇ ಹುಳ ಸಾಯುವ ಪ್ರಮಾಣ ನಮಗೆ ನಾಟುವುದಿಲ್ಲ. ಜೇನುಹುಳವೂ ಹುಳವೇ ಎಂಬುದು ಮಾತ್ರ ಬೇಜಾರಿನ ಸಂಗತಿ.

ಗಿಳಿಗೆ ವಾಪಸ್ ಬರೋಣ. ಹಕ್ಕಿಗಳಿಗೂ ಟಿಆರ್‌ಪಿವಿ1 ಇದೆ. ಬಿಸಿ ತಾಗಿದರೆ ಅದು ತೆರೆಯುತ್ತದೆ. ಆದರೆ ಕ್ಯಾಪ್ಸೈಸಿನ್ ಕೂರುವ ಗುಳಿಯ ಹತ್ತಿರ ಕೆಲವೇ ಅಮೈನೋ ಆಮ್ಲ ಬೇರೆ. ಹಿಡಿತ ಸಿಗುವುದಿಲ್ಲ, ಅಣು ಜಾರುತ್ತದೆ, ಬಾಯಿ ತೆರೆಯುವುದಿಲ್ಲ. ನಮ್ಮ ಬಾಯಲ್ಲಿ ಬೆಂಕಿ ಎಬ್ಬಿಸುವ ಅದೇ ಕಾಯಿ ಗಿಳಿಗೆ ಬದನೆಕಾಯಿಯಷ್ಟು ಸಪ್ಪೆ. ಇದರಿಂದ ಗಿಡಕ್ಕೆ ಲಾಭ ಇದೆ. ಇಲಿಯಂಥ ಪ್ರಾಣಿಗಳು ಬೀಜವನ್ನು ಅಗಿದು ಹಾಳು ಮಾಡುತ್ತವೆ, ಅವಕ್ಕೆ ಖಾರ ಹತ್ತುತ್ತದೆ, ದೂರ ಇರುತ್ತವೆ. ಹಕ್ಕಿಗಳು ಹಣ್ಣು ನುಂಗಿ ದೂರದಲ್ಲಿ ಹಿಕ್ಕೆ ಹಾಕುತ್ತವೆ, ಬೀಜ ಮೊಳೆಯುತ್ತದೆ. ಗಿಳಿ ಈ ಲೆಕ್ಕದಲ್ಲಿ ಸ್ವಲ್ಪ ಕಳ್ಳ. ಕೊಕ್ಕಿನಿಂದ ಬೀಜವನ್ನೂ ಕಡಿದುಬಿಡುತ್ತದೆ. ನಿಜವಾದ ಸಹಾಯ ಪಿಕಳಾರದಂಥ ಹಕ್ಕಿಗಳದ್ದು.

ಖಾರ ಹತ್ತಿದಾಗ ನೀರು ಕುಡಿದರೆ ಪ್ರಯೋಜನ ಕಡಿಮೆ ಯಾಕೆ ಎಂಬುದೂ ಈಗ ಗೊತ್ತಾಗುತ್ತದೆ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವ ಅಣು, ಪೊರೆಯೊಳಗೆ ಇಳಿದು ಆ ಕಡೆಯಿಂದಲೇ ರಿಸೆಪ್ಟರ್ ಹಿಡಿಯುತ್ತದೆ. ನೀರು ಸುಮ್ನೆ ಮೇಲೆ ಹರಿದುಹೋಗುತ್ತದೆ. ಹಾಲು, ಮೊಸರಿನ ಪ್ರೋಟೀನ್ ಅದನ್ನು ಸೆಳೆದುಕೊಳ್ಳುತ್ತದೆ. ಖಡಕ್ ರೊಟ್ಟಿಗೆ ಖಾರದ ಜೊತೆ ಮೊಸರು ಕೊಡುವವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ?

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗಳ ಪ್ರಶ್ನೆ: "ಹಂಗಾದ್ರ ನಮಗ್ಯಾಕ ಕಡಿಮಿ ಹತ್ತತದ, ಮೈಸೂರು ಅಂಕಲ್‌ಗ್ಯಾಕ ಜಾಸ್ತಿ?" ಮೈಸೂರಿನ ನನ್ನ ಗೆಳೆಯ ಬಂದಾಗ ಮೊದಲ ಊಟಕ್ಕೇ ಕಣ್ಣೀರು ಹಾಕಿದ್ದನ್ನು ಅವಳು ಮರೆತಿಲ್ಲ. ಅವನ ರಿಸೆಪ್ಟರ್ ಬೇರೆ ಏನಲ್ಲ. ಟಿಆರ್‌ಪಿವಿ1 ತೆರೆದಾಗ ನುಗ್ಗುವ ಕ್ಯಾಲ್ಸಿಯಂ ಅದನ್ನೇ ಸ್ವಲ್ಪ ಹೊತ್ತು ಮಂಕು ಮಾಡುತ್ತದೆ. ದಿನಾ ದಿನಾ ಖಾರ ಬಿದ್ದರೆ ನರದ ತುದಿಗಳೇ ಮಂದವಾಗುತ್ತವೆ. ಮಂಡಿ ನೋವಿಗೆ ಹಚ್ಚುವ ಕ್ಯಾಪ್ಸೈಸಿನ್ ಮುಲಾಮು ಕೆಲಸ ಮಾಡುವುದೂ ಹೀಗೆಯೇ, ಮೊದಲು ಉರಿಸಿ ಆಮೇಲೆ ನರವನ್ನು ಸುಮ್ಮನಾಗಿಸುತ್ತದೆ.

ಗೆಳೆಯ ಹತ್ತು ದಿನ ನಮ್ಮ ಮನೆಯಲ್ಲೇ ಇದ್ದ. ಕೊನೆಕೊನೆಗೆ ಕೆಂಪು ಖಾರದ ಡಬ್ಬಿಯನ್ನು ತಾನೇ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಅವ್ವ ಹೋಗುವಾಗ ಒಂದು ಡಬ್ಬಿ ಕಟ್ಟಿಕೊಟ್ಟಳು. ಎರಡು ತಿಂಗಳ ಮೇಲೆ ಫೋನ್ ಮಾಡಿದ. ಡಬ್ಬಿಯನ್ನು ಮರೆತು ಒಳಗಿಟ್ಟಿದ್ದನಂತೆ, ಈಗ ತೆಗೆದು ತಿಂದರೆ ಮತ್ತೆ ಬಾಯಿ ಉರಿಯುತ್ತಿದೆ, ನಿಮ್ಮ ಅವ್ವ ಈ ಸಲ ಖಾರ ಜಾಸ್ತಿ ಹಾಕಿದ್ದಾರೆ ಅಂದ.